ಮೇಲಿನ ಗುಂಡು

ಫೆಬ್ರುವರಿ 3

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ನಿಮ್ಮ ಕಾರ್ಖಾನೆಯಿಂದ ಪಿಸ್ತೂಲಿನ ಹೊಸ ಗುಂಡುಗಳು ನಿನ್ನೆ ಬಂದಿಳಿದವು. ಮುಚ್ಚಳ ತೆಗೆದು ನೋಡಿದರೆ ಒಂದೊಂದರ ಮೂತಿಯಲ್ಲೂ ತೂತು! ನಮ್ಮ ಹಳೇ ಗುಂಡು ತಾಮ್ರದ ಅಂಗಿ ತೊಟ್ಟು, ದುಂಡು ತಲೆ ಇಟ್ಟುಕೊಂಡು ಮರ್ಯಾದಸ್ಥನ ಹಾಗಿತ್ತು. ಇದನ್ನು ಕಂಡು ಕಾವಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮ ಶಿಬಿರದ ಆಸ್ಪತ್ರೆ ಗೇಟಿನಲ್ಲಿ ನಿಲ್ಲುವ ಹುಡುಗಿಯ ವಿಷಯ ಹಿಂದೆ ಬರೆದಿದ್ದೆನಲ್ಲ, ಕಡ್ಡಿ ಅಂತ. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಅವಳು ಒಂದನ್ನು ಕೈಗೆತ್ತಿಕೊಂಡು, "ಇದೇನ್ ಸಾರ್, ಬೊಚ್ಚುಬಾಯಿ ಗುಂಡು? ಕಚ್ಚುತ್ತಾ ಇದು?" ಅಂದಳು. ಆಗಿನಿಂದ ಅದರ ಹೆಸರೇ ಬೊಚ್ಚುಬಾಯಿ.

ಇಂಥದ್ದು ಬೇಕು ಅಂತ ನಾನೇ ಬಾಯಿ ಬಡಿದುಕೊಂಡಿದ್ದೆ, ನಿಜ. ಹೋದ ವರ್ಷ ಉಗ್ರಾಣದ ಗೇಟಿನಲ್ಲಿ ನಮ್ಮವನು ಕಳ್ಳನಿಗೆ ಹೊಡೆದ ಗುಂಡು ಅವನ ಭುಜ ತೂರಿ, ಎದುರಿನ ಟೀ ಅಂಗಡಿಯ ಹಲಗೆ ತೂರಿ, ಲೋಟ ತೊಳೆಯುತ್ತಿದ್ದ ಹೆಂಗಸನ್ನು ಕೊಂದಿತು. ಕಳ್ಳ ಬದುಕಿದ. ಅವನು ಈಗಲೂ ಜೈಲಿನಲ್ಲಿ ಹೊಟ್ಟೆ ತುಂಬ ತಿನ್ನುತ್ತಿದ್ದಾನೆ. ಬಿದ್ದ ಮೈಯೊಳಗೇ ಅರಳಿ ನಿಲ್ಲುವ ಗುಂಡು ಕೊಡಿ ಅಂತ ನಾನು ಬರೆದದ್ದು ಅದಕ್ಕೇ.

ಆದರೆ ಗುಂಡು ಬದಲಾಯಿಸಿದವರು ಪಿಸ್ತೂಲು ಬದಲಾಯಿಸಬೇಡವೇ? ಇವು ಅಪ್ಪನ ಕಾಲದ ಪಿಸ್ತೂಲು, ದುಂಡು ತಲೆಗೆಂದೇ ಮಾಡಿದವು. ಬೊಚ್ಚುಬಾಯಿಯ ಅಂಚು ನಳಿಗೆಗೆ ಏರುವಾಗ ಅದರ ಬಾಯಲ್ಲಿರುವ ಇಳಿಜಾರಿಗೆ ಢಿಕ್ಕಿ ಹೊಡೆಯುತ್ತದೆ. ನನ್ನ ಕೈಗೆ ಗೊತ್ತಾಗುತ್ತದೆ. ತಲೆ ಬೋಳಾಗುವವರೆಗೆ ಈ ಶಸ್ತ್ರಾಗಾರದಲ್ಲಿ ಪಿಸ್ತೂಲು ಬಿಚ್ಚಿ ಜೋಡಿಸಿದವನನ್ನು ಒಂದು ಮಾತು ಕೇಳಿದ್ದರೆ ಗುಂಡು ಆರಿಸುವ ನಿಮ್ಮ ಸಮಿತಿಯ ಗಂಟೇನು ಹೋಗುತ್ತಿತ್ತು?

ಭಾವನ ಮಂಡಿ ನೋವು ಹೇಗಿದೆ?

ನಿನ್ನ ತಮ್ಮ


ಫೆಬ್ರುವರಿ 14

ಮೊಂಡ,

ಜಗಳ ತಲುಪಿತು. ಭಾವನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ನಿನಗೆ ಗುಂಡು ಅಂದರೆ ಪೆಟ್ಟಿಗೆಯಲ್ಲಿ ಬಂದಿಳಿಯುವ ವಸ್ತು. ಅದನ್ನು ಆರಿಸುವುದಕ್ಕೆ ನಾವು ಎಷ್ಟು ಗಂಟಲು ಹರಿದುಕೊಂಡಿದ್ದೇವೆ ಗೊತ್ತೇನೋ? ಒಡಲೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತ ದೇಶದೇಶಗಳ ನಡುವೆ ಹಳೆಯ ಒಪ್ಪಂದವಿದೆ. ನಮ್ಮ ಸಮಿತಿಯ ದೊಡ್ಡ ಸಾಹೇಬರು ಅದನ್ನೇ ಹಿಡಿದುಕೊಂಡು ಕೂತರು. "ಸೈನ್ಯಕ್ಕೆ ಹಳೇದೇ ಸರಿ, ಹೊಸ ತಲೆನೋವು ಯಾಕ್ರೀ?" ಅಂದರು. ಗಡಿ ಬೇರೆ, ಗೇಟು ಬೇರೆ. ಗಡಿಗೆ ದುಂಡು ತಲೆಯೇ ಹೋಗಲಿ, ಆಸ್ಪತ್ರೆ ಉಗ್ರಾಣ ಕಾಯುವವರಿಗೆ ಇದನ್ನು ಕೊಡಿ ಅಂತ ನಾನು ಮೇಜು ಗುದ್ದಿದೆ. ಕೊನೆಗೆ ಟೀ ಅಂಗಡಿಯ ಹೆಂಗಸಿನ ಬಗ್ಗೆ ನೀನು ಬರೆದಿದ್ದ ಕಾಗದವನ್ನೇ ಗಟ್ಟಿಯಾಗಿ ಓದಿದೆ. ಅಲ್ಲಿಗೆ ಗೆದ್ದೆವು.

ಪಿಸ್ತೂಲಿನ ಮಾತು ಬೇಡ. ನಿಮ್ಮಂಥ ಹಳೇ ಪಿಸ್ತೂಲುಗಳನ್ನೇ ತರಿಸಿ, ಪೆಟ್ಟಿಗೆಗಟ್ಟಲೆ ಹೊಡೆದು ನೋಡಿದ್ದೇನೆ. ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಇನ್ನೊಂದು. ಹೋದ ಸಲ ನಿಮ್ಮ ಶಿಬಿರದಿಂದ ವಾಪಸ್ ಬಂದ ಗುಂಡುಗಳಲ್ಲಿ ಗೀರು ಬಿದ್ದವೇ ಹೆಚ್ಚು. ಕಾವಲಿಗೆ ನಿಲ್ಲುವಾಗ ದಿನಾ ಒಂದೊಂದನ್ನು ನಳಿಗೆಗೆ ಏರಿಸಿ, ಮುಗಿದಾಗ ಇಳಿಸಿ ಎಲ್ಲವನ್ನೂ ಕೆರೆದಿಟ್ಟಿದ್ದೀರಿ. ಈ ಸಲವೂ ಹಾಗೆ ಬಂದರೆ ಕೆಂಪು ಶಾಯಿಯಲ್ಲಿ ನಿನ್ನ ಹೆಸರಿಗೇ ಬರೆದು ಕಳಿಸುತ್ತೇನೆ. ತಮ್ಮ ಅಂತ ಮುಖ ನೋಡುವುದಿಲ್ಲ.

ಅಕ್ಕ


ಮಾರ್ಚ್ 9

ಅಕ್ಕಾ,

ನಿನ್ನ ಕೆಂಪು ಶಾಯಿಗೆ ಹೆದರಿ ಒಂದು ಉಪಾಯ ಮಾಡಿದ್ದೇನೆ. ಇನ್ನು ನಮ್ಮ ಶಿಬಿರದಿಂದ ಗೀರು ಬಿದ್ದ ಗುಂಡು ಬಂದರೆ ಕೇಳು! ಉಪಾಯ ಏನು ಅಂತ ಮಾತ್ರ ಹೇಳುವುದಿಲ್ಲ. ಆಮೇಲೆ ಅದನ್ನೂ ನಿಮ್ಮ ಸಮಿತಿಯೇ ಕಂಡುಹಿಡಿದದ್ದು ಅಂತ ಸುತ್ತೋಲೆ ಹೊರಡಿಸುತ್ತೀರಿ.

ಢಿಕ್ಕಿ ಹೊಡೆಯುವುದೇನೂ ನಿಂತಿಲ್ಲ. ಇಳಿಜಾರನ್ನು ಉಜ್ಜಿ ನುಣುಪು ಮಾಡಿದ್ದೇನೆ. ಸ್ವಲ್ಪ ವಾಸಿ.

ತಮ್ಮ


ಜೂನ್ 20

ಅಕ್ಕಾ,

ಈ ಕಾಗದದಲ್ಲಿ ಕ್ಷೇಮ ಸಮಾಚಾರ ಇಲ್ಲ. ಸಿಟ್ಟು ಒಂದೇ ಇದೆ.

ಸೋಮವಾರ ಮಧ್ಯಾಹ್ನ ಒಬ್ಬ ಚೂರಿ ಹಿಡಿದುಕೊಂಡು ಆಸ್ಪತ್ರೆಗೆ ನುಗ್ಗಿದ. ಔಷಧಿ ಕೊಡುವವನ ಕತ್ತಿಗೇ ಚೂರಿ ಇಟ್ಟು ಗೇಟಿನವರೆಗೆ ಎಳೆದುಕೊಂಡು ಬಂದ. ಕಡ್ಡಿ ಎರಡು ಸಲ ಕೂಗಿ ಎಚ್ಚರಿಸಿದಳು. ಆಮೇಲೆ ಹೊಡೆದಳು. ನಾವು ಹೇಳಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಮಾಡಿದಳು. ಪಿಸ್ತೂಲು ಅವಳ ಕೈಯಲ್ಲೇ ಒಡೆಯಿತು ಅಕ್ಕಾ. ಹಿಡಿ ಸೀಳಿತು, ಗುಂಡು ತುಂಬುವ ಮ್ಯಾಗಜಿನ್ ಕೆಳಕ್ಕೆ ಸಿಡಿಯಿತು. ಬಲಗೈಯ ತೋರುಬೆರಳು ಹೋಯಿತು, ಹೆಬ್ಬೆರಳು ಅರ್ಧ ಉಳಿದಿದೆ. ಆ ಶಬ್ದಕ್ಕೆ ಬಾಂಬು ಅಂದುಕೊಂಡು ಆ ನನ್ಮಗ ಚೂರಿ ಬಿಸಾಕಿ ಓಡಿದ. ಅಷ್ಟರಮಟ್ಟಿಗೆ ಔಷಧಿಯವನು ಬದುಕಿದ.

ನಾನು ಹೋದಾಗ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. "ಸಾರ್, ಕಚ್ಚಿತು ನೋಡಿ, ನಿಮ್ಮ ಬೊಚ್ಚುಬಾಯಿ" ಅಂದಳು.

ಈಗ ನಮ್ಮ ಕ್ಯಾಪ್ಟನ್ನು ಏನು ಹೇಳುತ್ತಿದ್ದಾನೆ ಗೊತ್ತಾ? ಇವಳು ನಳಿಗೆಯೊಳಗೆ ಒರೆಸಿದ ಚಿಂದಿ ಬಿಟ್ಟಿರಬೇಕು ಅಂತ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಪಿಸ್ತೂಲನ್ನು ಹಿಂದಿನ ದಿನ ನಾನೇ ಬಿಚ್ಚಿ ಒರೆಸಿದ್ದೆ. ತಪ್ಪು ಅವಳದ್ದು ಅಂತ ತೀರ್ಮಾನವಾದರೆ ಕೆಲಸವೂ ಹೋಯಿತು, ಪಿಂಚಣಿಯೂ ಇಲ್ಲ. ಮನೆಯಲ್ಲಿ ಅವಳ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಮುರಿದ ಕೈ ಹಿಡಿದುಕೊಂಡು ಅವಳು ಎಲ್ಲಿಗೆ ಹೋಗಬೇಕು?

ಒಡೆದ ಪಿಸ್ತೂಲು, ಮ್ಯಾಗಜಿನ್ನು, ಅದರಲ್ಲಿ ಉಳಿದ ಗುಂಡು ಎಲ್ಲವೂ ನಿಮ್ಮ ಪರೀಕ್ಷೆಯ ಷೆಡ್ಡಿಗೆ ಹೊರಟಿವೆ. ನಿನ್ನ ಕೈಗೇ ಬರುತ್ತವೆ. ಇದ್ದದ್ದು ಇದ್ದ ಹಾಗೆ ಬರಿ. ನಿನ್ನ ಹತ್ತಿರ ನಾನು ಇಷ್ಟು ವರ್ಷದಲ್ಲಿ ಏನೂ ಕೇಳಿದವನಲ್ಲ.

ತಮ್ಮ


ಜೂನ್ 27

ತಮ್ಮಾ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಆ ಹುಡುಗಿಯ ಕೈ ಈಗ ಹೇಗಿದೆ? ಕೀವಾಗದ ಹಾಗೆ ನೋಡಿಕೊಳ್ಳಲು ಹೇಳು. ಎಡಗೈಯಲ್ಲಿ ಬರೆಯುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಸು.

ಪಿಸ್ತೂಲು ಬಂದಿದೆ. ಅದರ ಬಗ್ಗೆ ಈಗ ಏನೂ ಕೇಳಬೇಡ. ನಮಗೂ ಮೇಲಿನವರು ಇದ್ದಾರೆ. ವಿಚಾರಣೆ ಮುಗಿಯಲಿ, ಎಲ್ಲ ತಣ್ಣಗಾಗಲಿ, ಆಮೇಲೆ ಕೂತು ಮಾತಾಡೋಣ.

ನೀನೂ ಸ್ವಲ್ಪ ಬಾಯಿ ಬಿಗಿ ಹಿಡಿ. ಕ್ಯಾಪ್ಟನ್ ಜೊತೆ ಜಗಳ ಬೇಡ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ಅಕ್ಕ


ಜುಲೈ 15

ಮಾನ್ಯ ಪರೀಕ್ಷಕರಿಗೆ,

ಅಕ್ಕ ಅನ್ನುವ ಪದವನ್ನು ಈ ಕಾಗದದಲ್ಲಿ ಹುಡುಕಬೇಡಿ.

ಇವತ್ತು ವಿಚಾರಣೆಯಲ್ಲಿ ನಿಮ್ಮ ವರದಿ ಓದಿದರು. "ಮ್ಯಾಗಜಿನ್ನಿನಲ್ಲಿ ಉಳಿದ ಗುಂಡುಗಳೆಲ್ಲ ಸರಿಯಾಗಿವೆ. ಆದ್ದರಿಂದ ಅವಘಡಕ್ಕೆ ಕಾವಲುಗಾರ್ತಿಯ ಅಜಾಗರೂಕತೆಯೇ ಕಾರಣವೆಂದು ತೋರುತ್ತದೆ." ಕೆಳಗೆ ನಿಮ್ಮ ಸಹಿ. ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆಯುತ್ತೀರಿ ಅಂತ ಅಮ್ಮ ಬೈಯುತ್ತಿದ್ದ ಅದೇ ಸಹಿ. ತಾರೀಕು ಜೂನ್ ಇಪ್ಪತ್ತೈದು.

ಅಂದರೆ ಆ ಮಾತು ಬರೆದು, ಸಹಿ ಹಾಕಿ, ಲಕೋಟೆ ಅಂಟಿಸಿ ಆದಮೇಲೆ ನನಗೆ "ಹುಡುಗಿಯ ಕೈ ಹೇಗಿದೆ" ಅಂತ ಬರೆದಿರಿ. ಊಟ ಸೇರಲಿಲ್ಲವಂತೆ! ಥೂ!

ಕಡ್ಡಿ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಎದ್ದು ಒಂದೇ ಮಾತು ಕೇಳಿದಳು. "ಅಜಾಗರೂಕತೆ ಅಂತ ಬರೆದೋರು ನನ್ನ ನೋಡಿದಾರಾ?" ಮುಂದಿನ ಬೈಠಕ್ಕು ಆಗಸ್ಟ್ ಕೊನೆಗೆ. ಅಂದು ಅವಳನ್ನು ಮನೆಗೆ ಕಳಿಸುವ ಹುಕುಂ ಹೊರಡುತ್ತದೆ. ನಿಮ್ಮ ಬೊಚ್ಚುಬಾಯಿಯ ಮರ್ಯಾದೆ ಉಳಿಯಿತು. ಸುಖವಾಗಿರಿ.

ಶಸ್ತ್ರಾಗಾರದ ಮಿಸ್ತ್ರಿ


ಜುಲೈ 22

ಮಿಸ್ತ್ರಿಗಳೇ,

ಥೂ ಅಂದೆಯಲ್ಲ, ಒರೆಸಿಕೊಂಡೆ. ಈಗ ನನ್ನ ಸರದಿ. ಬಾಯಿ ಮುಚ್ಚಿಕೊಂಡು ಓದು.

ಹೌದು, ನಾನೇ ಬರೆದೆ. ದೊಡ್ಡ ಸಾಹೇಬರು ನನ್ನನ್ನು ಕೋಣೆಗೆ ಕರೆದರು. "ಗುಂಡಿನ ತಪ್ಪು ಅಂತಾದ್ರೆ ನಾಳೆನೇ ಎಲ್ಲಾ ಗೇಟಿಗೂ ಹಳೇ ಗುಂಡು ವಾಪಸ್. ನೀವೇ ಯೋಚ್ನೆ ಮಾಡಿ ಮೇಡಂ" ಅಂದರು. ನನ್ನ ಕಣ್ಣ ಮುಂದೆ ಲೋಟ ತೊಳೆಯುವ ಹೆಂಗಸು ಬಂದು ನಿಂತಳು. ಒಬ್ಬಳ ಬೆರಳು ಒಂದು ಕಡೆ, ನಾಳೆ ಸಾಯುವವರು ಇನ್ನೊಂದು ಕಡೆ. ತೂಗಿದೆ. ಬರೆದೆ. ನಿನಗೆ ಹೇಳುವ ಧೈರ್ಯ ಬರಲಿಲ್ಲ. ಅದು ಸರಿಯಲ್ಲ ಅಂತ ನಿನ್ನಿಂದ ಕಲಿಯಬೇಕಾಗಿಲ್ಲ.

ಆದರೆ ನಾನು ಸುಳ್ಳು ಅಳತೆ ಕೊಟ್ಟಿಲ್ಲ ಕಣೋ. ಉಳಿದ ಗುಂಡುಗಳಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿಲ್ಲ. ಒಂದರ ಮೇಲೂ ಗೀರಿಲ್ಲ, ಈಗ ತಾನೇ ಪೆಟ್ಟಿಗೆಯಿಂದ ತೆಗೆದ ಹಾಗಿವೆ. ತಿಂಗಳುಗಟ್ಟಲೆ ಗೇಟಿನಲ್ಲಿದ್ದ ಮ್ಯಾಗಜಿನ್ನು ಅದು! ಮೊದಲು ಅದನ್ನು ನೋಡಿ ಖುಷಿಪಟ್ಟೆ, ತಮ್ಮ ಬುದ್ಧಿ ಕಲಿತ ಅಂತ. ನಿನ್ನ ಬೈಗುಳ ಓದಿದ ಮೇಲೆ ಅದೇ ನನ್ನ ನಿದ್ದೆ ಕೆಡಿಸುತ್ತಿದೆ. ನಾನು ನೋಡಲಾಗದ ಗುಂಡು ಒಂದೇ, ಆ ದಿನ ಹಾರಿದ್ದು.

ಮಾರ್ಚಿನಲ್ಲಿ ಬರೆದಿದ್ದೆಯಲ್ಲ, ಒಂದು ಉಪಾಯ ಅಂತ. ಏನದು? ಬೆಳಿಗ್ಗೆ ನಳಿಗೆಗೆ ಏರಿಸಿದ ಗುಂಡನ್ನು ಸಂಜೆ ತೆಗೆದು ಏನು ಮಾಡುತ್ತೀರಿ? ಅಹಂಕಾರ ಪಕ್ಕಕ್ಕಿಟ್ಟು ಉತ್ತರ ಬರಿ. ಅಕ್ಕ ಅನ್ನದಿದ್ದರೂ ಪರವಾಗಿಲ್ಲ.

ಅಕ್ಕನೇ


ಜುಲೈ 29

ಅಕ್ಕಾ,

ನಿನ್ನ ಕಾಗದ ಓದಿದೆ. ಓದಿದವನು ಹಾಗೇ ಎದ್ದು, ಕಾವಲು ಬದಲಾಗುವ ಹೊತ್ತಿಗೆ ಎಲ್ಲ ಗೇಟಿನವರ ಮ್ಯಾಗಜಿನ್ನು ಇಸಿದುಕೊಂಡು ಬಂದೆ.

ಉಪಾಯ ಇದು. ನೀನು ಕೆಂಪು ಶಾಯಿ ಅಂತ ಹೆದರಿಸಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದೆ: ಬೆಳಿಗ್ಗೆ ಏರಿಸುವುದು ಮೇಲಿನ ಗುಂಡು. ಸಂಜೆ ತೆಗೆದರೆ ಅದನ್ನೇ ಮತ್ತೆ ಮೇಲಿಡಿ. ನಾಳೆಯೂ ಅದೇ, ನಾಡಿದ್ದೂ ಅದೇ. ಗೀರು ಬಿದ್ದರೆ ಒಂದರ ಮೇಲೆ ಬೀಳಲಿ, ಉಳಿದವು ಹೊಸದಾಗಿಯೇ ಇರಲಿ. ಹುಡುಗರು ಅದಕ್ಕೆ ಹಿರಿಮಗ ಅಂತ ಹೆಸರಿಟ್ಟರು. ತಮ್ಮಂದಿರ ಪಾಲಿನ ಏಟನ್ನೆಲ್ಲ ಅವನೇ ತಿನ್ನುತ್ತಾನಲ್ಲ, ಅದಕ್ಕೆ. "ಹಿರಿಮಗ ಎಲ್ಲಿ?" ಅಂತ ನಾನು ಕೇಳುವುದು, "ಮೇಲೆ ಸಾರ್!" ಅಂತ ಅವರು ಒಟ್ಟಿಗೆ ಕೂಗುವುದು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಕಡ್ಡಿ.

ಈಗ ಎಲ್ಲರ ಹಿರಿಮಗನನ್ನೂ ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ಪಕ್ಕಕ್ಕೆ ಪೆಟ್ಟಿಗೆಯ ಹೊಸ ಗುಂಡು ಇಟ್ಟೆ. ಅಕ್ಕಾ, ಎಲ್ಲವೂ ಗಿಡ್ಡ. ಬರಿಗಣ್ಣಿಗೇ ಕಾಣುತ್ತದೆ. ಏರಿಸಿದಾಗಲೆಲ್ಲ ಅಂಚು ಢಿಕ್ಕಿ ಹೊಡೆದು ಹೊಡೆದು, ಸೀಸದ ತಲೆ ಮದ್ದು ತುಂಬಿದ ಹಿತ್ತಾಳೆಯ ಕೊಳವೆಯೊಳಕ್ಕೆ ಕುಸಿದುಬಿಟ್ಟಿದೆ. ಒಳಗೆ ಮದ್ದಿಗೆ ಜಾಗ ಕಡಿಮೆಯಾದರೆ ಒತ್ತಡ ಏರಿ ಪಿಸ್ತೂಲೇ ಒಡೆಯುತ್ತದೆ ಅಂತ ನಿನಗೆ ನಾನು ಹೇಳಬೇಕೇ? ಢಿಕ್ಕಿ ನನ್ನ ಕೈಗೆ ಗೊತ್ತಾಗಿತ್ತು. ಇಳಿಜಾರು ಉಜ್ಜಿದೆನೇ ಹೊರತು ಗುಂಡಿನ ಕಡೆ ತಿರುಗಿ ನೋಡಲಿಲ್ಲ.

ಗಿಡ್ಡ ಗುಂಡುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಬೀಗ ಜಡಿದೆ. ಯಾರ ಹುಕುಂ ಅಂತ ಕ್ಯಾಪ್ಟನ್ನು ಕೂಗಾಡಿದ. ನನ್ನದೇ ಅಂದೆ. ಎರಡನ್ನು ಇದರ ಜೊತೆ ಕಳಿಸುತ್ತಿದ್ದೇನೆ.

ನಿನ್ನ ಕೆಂಪು ಶಾಯಿಗೆ ಬೆಂಕಿ ಬೀಳಲಿ. ನನ್ನ ಉಪಾಯಕ್ಕೂ ಬೀಳಲಿ.

ತಮ್ಮ


ಆಗಸ್ಟ್ 10

ತಮ್ಮಾ,

ಷೆಡ್ಡಿನಲ್ಲಿ ನಾನು ಪೆಟ್ಟಿಗೆಗಟ್ಟಲೆ ಹೊಡೆದೆ ಅಂತ ಜಂಬ ಕೊಚ್ಚಿದ್ದೆನಲ್ಲ. ಪ್ರತಿಯೊಂದು ಗುಂಡನ್ನೂ ಒಂದೇ ಸಲ ಏರಿಸಿದ್ದೆ, ಒಂದೇ ಸಲ ಹೊಡೆದಿದ್ದೆ. ದಿನಾ ಏರಿ ಇಳಿದು ಒಮ್ಮೆಯೂ ಹಾರದ ಗುಂಡು ಅಂತ ಒಂದಿರುತ್ತದೆ ಅನ್ನುವುದು ನಮ್ಮ ಸಮಿತಿಯ ಒಬ್ಬರ ತಲೆಗೂ ಹೊಳೆಯಲಿಲ್ಲ. ಕಾವಲಿನವನ ಕೆಲಸವೇ ಹೊಡೆಯದೆ ನಿಲ್ಲುವುದು. ನಾವು ಹೊಡೆಯುವುದನ್ನು ಮಾತ್ರ ಪರೀಕ್ಷೆ ಮಾಡಿದೆವು.

ನೀನು ಕಳಿಸಿದ್ದನ್ನು ಮುಟ್ಟಲಿಲ್ಲ, ಸಾಕ್ಷಿಗೆ ಬೇಕು. ಹೊಸದೊಂದು ಬೊಚ್ಚುಬಾಯಿ ತೆಗೆದುಕೊಂಡು ತೋಳು ಸೋಲುವವರೆಗೆ ಏರಿಸಿ ಇಳಿಸಿದೆ. ಕುಸಿಯಿತು. ಪಿಸ್ತೂಲನ್ನು ಕಬ್ಬಿಣದ ಹಿಡಿಕೆಗೆ ಕಚ್ಚಿಸಿ, ಗೋಡೆಯ ಆಚೆ ನಿಂತು ದಾರ ಎಳೆದೆ. ಒಡೆಯಿತು. ದುಂಡು ತಲೆಯದನ್ನೂ ಅಷ್ಟೇ ಸಲ ಏರಿಸಿ ಇಳಿಸಿ ನೋಡಿದೆ. ಅದು ಜಾರಿಕೊಂಡು ಹೋಗುತ್ತದೆ, ಏನೂ ಆಗುವುದಿಲ್ಲ. ಹಳೇ ಗುಂಡಿನ ಜೊತೆ ನಿನ್ನ ಉಪಾಯ ನಡೆಯುತ್ತಿತ್ತು. ಹೊಸ ಗುಂಡು ನಿನ್ನ ಉಪಾಯವಿಲ್ಲದೆ ನಡೆಯುತ್ತಿತ್ತು. ಎರಡನ್ನೂ ಜೋಡಿ ಮಾಡಿದ್ದು ಅಕ್ಕ ತಮ್ಮಂದಿರು.

ಹೊಸ ವರದಿ ಬರೆದು ಒಯ್ದೆ. ದೊಡ್ಡ ಸಾಹೇಬರು ಕನ್ನಡಕ ತೆಗೆದು, "ಮೇಡಂ, ಆಗಿದ್ದು ಆಗೋಯ್ತು. ಒಂದು ಹುಡುಗಿಗೋಸ್ಕರ ಸಮಿತಿ ಮಾನ ಹರಾಜು ಹಾಕ್ತೀರಾ?" ಅಂದರು. "ಆ ಹುಡುಗಿ ಮಾನ ಹರಾಜಾಗಿ ಒಂದೂವರೆ ತಿಂಗಳಾಯ್ತು ಸಾರ್, ಕೂಗಿದೋಳು ನಾನೇ" ಅಂದು ಬಾಗಿಲು ಎಳೆದುಕೊಂಡು ಬಂದೆ.

ವಿಚಾರಣೆಗೆ ನಾನೇ ಬರುತ್ತೇನೆ. ಅಜಾಗರೂಕತೆ ಅಂದದ್ದು ತಪ್ಪು ಅಂತ ಎಲ್ಲರ ಮುಂದೆ ಹೇಳುತ್ತೇನೆ. ನೀನೂ ಹೇಳಬೇಕು, ಹಿರಿಮಗನನ್ನು ಮೇಲಿಡಲು ಕಲಿಸಿದವನು ನಾನು ಅಂತ. ನಿನ್ನ ತೋಳಿನ ಪಟ್ಟಿ ಕಿತ್ತುಕೊಳ್ಳುತ್ತಾರೆ, ನನ್ನ ಕುರ್ಚಿ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳಲಿ. ಮಾಡಿದ್ದುಣ್ಣೋ ಮಹರಾಯ.

ಅಕ್ಕ


ಸೆಪ್ಟೆಂಬರ್ 12

ಅಕ್ಕಾ,

ನೀನು ವಿಚಾರಣೆಯ ದಿನ ಹೇಳುವುದನ್ನು ಹೇಳಿ, ಹಿಂಬಾಗಿಲಿನಿಂದ ಬಸ್ಸಿಗೆ ಹೋದೆ. ತಲೆನೋವು ಅಂದೆ. ನಾನು ನಂಬಲಿಲ್ಲ. ಕಡ್ಡಿ ಹೊರಗಿನ ಮೊಗಸಾಲೆಯಲ್ಲಿ ನಿನಗಾಗಿ ಕಾದಿದ್ದಳು. ಕತ್ತಲಾಗುವ ತನಕ ಕಾದಳು.

ತೀರ್ಪು ಬಂದಿದೆ. ಅಜಾಗರೂಕತೆ ಅನ್ನುವ ಪದ ಹೊಡೆದು ಹಾಕಿದ್ದಾರೆ. ಅವಳ ಕೆಲಸ ಉಳಿಯಿತು, ಗೇಟಿನಲ್ಲಲ್ಲ, ನನ್ನ ಶಸ್ತ್ರಾಗಾರದಲ್ಲಿ. ನನ್ನ ಒಂದು ಪಟ್ಟಿ ಹೋಯಿತು. ನಿನ್ನನ್ನು ಸಮಿತಿಯಿಂದ ತೆಗೆದು ಪೆಟ್ಟಿಗೆ ಕಟ್ಟುವ ವಿಭಾಗಕ್ಕೆ ಹಾಕಿದ್ದಾರೆ ಅಂತ ಭಾವ ಬರೆದಿದ್ದಾರೆ. ನೀನು ಬರೆಯಲಿಲ್ಲ.

ಇನ್ನೊಂದನ್ನೂ ನೀನು ಬರೆಯಲಿಲ್ಲ. ನಿನ್ನೆ ಹಳೇ ಗುಂಡಿನ ಪೆಟ್ಟಿಗೆಗಳು ಬಂದವು. ಎಲ್ಲ ಗೇಟಿಗೂ ಮತ್ತೆ ದುಂಡು ತಲೆ! ಬೊಚ್ಚುಬಾಯಿಯನ್ನು ಕೊಳವೆಯಲ್ಲಿ ಇನ್ನಷ್ಟು ಬಿಗಿಯಾಗಿ ಕೂರಿಸಿ, ಮೇಲಿನ ಗುಂಡನ್ನು ಆಗಾಗ ಬದಲಾಯಿಸಿ ಅಂತ ಎರಡು ಸಾಲಿನ ಹುಕುಂ ಹೊರಡಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಯೋಚನೆ ಮಾಡಬೇಕಲ್ಲ, ಅದರ ಬದಲು ಹಿಂದಕ್ಕೆ ಹೋದರು. ಟೀ ಅಂಗಡಿ ಈಗ ಆ ಹೆಂಗಸಿನ ಗಂಡ ನಡೆಸುತ್ತಾನೆ. ಅದೇ ಹಲಗೆ, ಅದೇ ಜಾಗ.

ಕಡ್ಡಿ ಎಡಗೈಯಲ್ಲಿ ಪೆಟ್ಟಿಗೆ ತೆಗೆದು ಗುಂಡುಗಳನ್ನು ಜೋಡಿಸುತ್ತಿದ್ದಳು. ಬಂದ ದಿನದಿಂದ ಕೆಲಸದ ಮಾತು ಬಿಟ್ಟು ನನ್ನ ಜೊತೆ ಏನೂ ಆಡಿದವಳಲ್ಲ. ನಾನೇ ತಡೆಯಲಾರದೆ, "ಹೋಗ್ಲಿ ಬಿಡಮ್ಮ, ಕಡೇಪಕ್ಷ ನಿನ್ನ ಮೇಲಿನ ಆ ಮಾತು ಹೋಯ್ತಲ್ಲ" ಅಂದೆ.

ಅವಳು ಕೈ ನಿಲ್ಲಿಸಲಿಲ್ಲ. "ನಿಮ್ಮಕ್ಕ ಒಂದು ಮಾತು ಬರೆದ್ರು. ನೀವೊಂದು ಮಾತು ಕಲಿಸಿದ್ರಿ. ಇಬ್ರೂ ವಾಪಸ್ ತಗೊಂಡ್ರಿ. ಸೈನ್ಯ ಗುಂಡೂ ವಾಪಸ್ ತಗೊಂಡ್ತು. ನನ್ನ ಬೆರಳು ಸಾರ್?" ಅಂದಳು.

ನಿನಗೆ ಉತ್ತರ ಗೊತ್ತಿದ್ದರೆ ಬರಿ.

ತಮ್ಮ


ಸೆಪ್ಟೆಂಬರ್ 18

ತಮ್ಮಾ,

ಭಾನುವಾರದ ಬಸ್ಸಿಗೆ ಬರುತ್ತೇನೆ. ಮುಂದಿನ ಗೇಟಿನಿಂದಲೇ ಬರುತ್ತೇನೆ. ಆ ಹುಡುಗಿಯ ಅಮ್ಮ ಒಪ್ಪಿದರೆ ಅವರ ಮನೆಗೇ ಹೋಗುತ್ತೇನೆ. ಅವಳು ಬೈಯಲಿ, ಬಾಗಿಲು ಹಾಕಿಕೊಳ್ಳಲಿ, ಏನು ಬೇಕಾದರೂ ಮಾಡಲಿ. ನೀನು ನಡುವೆ ಬಾಯಿ ಹಾಕಬೇಡ.

ಅಕ್ಕ